ಪೆಟ್ರೋಲ್, ಹೈಬ್ರಿಡ್, ಪ್ಲಗ್-ಇನ್: ಲೀಟರ್ ಲೆಕ್ಕದಲ್ಲಿ ನಾನು ಗಾಡಿ ಆರಿಸಿದ ಕತೆ

ಹೋದ ತಿಂಗಳು ನನ್ನ ನೋಟ್‌ಬುಕ್‌ನಲ್ಲಿ ಲೆಕ್ಕ ಸಮ ಆಯಿತು. ಹೈಬ್ರಿಡ್ ಬಿಟ್ಟು ಪ್ಲಗ್-ಇನ್ ಎಸ್‌ಯುವಿ ತಂದಿದ್ದಕ್ಕೆ ಹಾಕಿದ ಜಾಸ್ತಿ ದುಡ್ಡೆಲ್ಲ ವಾಪಸ್ ಬಂತು. 30 ತಿಂಗಳು ಹಿಡಿಯಿತು. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಮೋಟಾರು, ಚಿಕ್ಕ ಬ್ಯಾಟರಿ ಇರುವ ಗಾಡಿ, ಓಡುತ್ತಲೇ ತಾನೇ ಚಾರ್ಜ್ ಆಗುತ್ತೆ. ಪ್ಲಗ್-ಇನ್‌ನಲ್ಲಿ ಬ್ಯಾಟರಿ ದೊಡ್ಡದು, ಸಾಕೆಟ್‌ಗೆ ಹಾಕಿ ಚಾರ್ಜ್ ಮಾಡಬೇಕು. ಅದು ಖಾಲಿಯಾಗುವ ತನಕ ಕರೆಂಟಿನಲ್ಲಿ ಓಡುತ್ತೆ, ಆಮೇಲೆ ಪೆಟ್ರೋಲಿನಲ್ಲಿ. ಗಾಡಿ ತರುವಾಗ ಯಾರೂ ನಂಬಿರಲಿಲ್ಲ. "ಎರಡೆರಡು ಎಂಜಿನ್ ಹೊತ್ಕೊಂಡು ತಿರುಗ್ತೀಯ, ಎರಡರ ರಿಪೇರಿನೂ ನಿನ್ನ ತಲೆಗೇ" ಅಂದ ಸಹೋದ್ಯೋಗಿಗೆ ಈಗ ಈ ಪುಟ ತೋರಿಸಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಿಂದಿನ ಗಾಡಿಯ ವಿಷಯ. ಅದು ಬರೀ ಪೆಟ್ರೋಲ್. ತಗೊಳ್ಳುವಾಗ ವರ್ಷಕ್ಕೆ 9,000 ಕಿ.ಮೀ. ಓಡುತ್ತೆ ಅಂತ ಅಂದಾಜು ಹಾಕಿದ್ದೆ. ಹೈಬ್ರಿಡ್‌ಗೆ ಕೊಡುವ ಹೆಚ್ಚಿನ ದುಡ್ಡು ವಾಪಸ್ ಬರಲು ಏಳು ವರ್ಷ ದಾಟುತ್ತೆ, ಬೇಡ ಅಂದುಕೊಂಡೆ. ಆಮೇಲೆ ಮಕ್ಕಳ ಶಾಲೆ, ಈಜು ತರಗತಿ, ಅಪ್ಪ ಅಮ್ಮನ ಆಸ್ಪತ್ರೆ ಓಡಾಟ ಎಲ್ಲ ಸೇರಿ ಓಡಿದ್ದು ವರ್ಷಕ್ಕೆ 15,000. ಆರು ವರ್ಷದಲ್ಲಿ ಹತ್ತಿರ ಹತ್ತಿರ 1,900 ಲೀಟರ್ ಪೆಟ್ರೋಲ್ ಸುಮ್ನೆ ಸುಟ್ಟೆ. ಆಗ ಹೈಬ್ರಿಡ್‌ಗೆ ಕೇಳಿದ್ದ ಹೆಚ್ಚಿನ ಬೆಲೆ 1,400 ಲೀಟರಿನಷ್ಟು ಮಾತ್ರ. ಈ ನೋವು ನನಗೆ ಇನ್ನೂ ಹೋಗಿಲ್ಲ.

ಬೆಲೆಯನ್ನು ಲೀಟರಿನಲ್ಲಿ ಹೇಳುತ್ತಿದ್ದೇನೆ, ಗಮನಿಸಿರಬಹುದು. ಇದು ನಾನೇ ಕಂಡುಕೊಂಡ ದಾರಿ. ಪೆಟ್ರೋಲ್ ಬೆಲೆ ಏರಿಳಿಯುತ್ತಲೇ ಇರುತ್ತೆ, ನೋಟಿನ ಲೆಕ್ಕ ಆರು ತಿಂಗಳಲ್ಲಿ ಹಳಸುತ್ತೆ. ಹಾಗಾಗಿ ಗಾಡಿಯ ಬೆಲೆ, ಟೈರು, ಸರ್ವೀಸು, ಕರೆಂಟ್ ಬಿಲ್ಲು ಎಲ್ಲವನ್ನೂ ಆ ದಿನದ ಪೆಟ್ರೋಲ್ ಬೆಲೆಯಿಂದ ಭಾಗಿಸಿ ಲೀಟರ್ ಮಾಡಿಬಿಡುತ್ತೇನೆ. ಆಗ ಎಲ್ಲವೂ ಒಂದೇ ತಕ್ಕಡಿಗೆ ಬರುತ್ತೆ.

ಎರಡನೇ ಸೋಲು ಪ್ಲಗ್-ಇನ್‌ನದ್ದೇ. ಪರಿಚಯದವರೊಬ್ಬರ ಗಾಡಿಯನ್ನು ಒಂದು ತಿಂಗಳು ಇಟ್ಟುಕೊಂಡಿದ್ದೆ. ನಿಲ್ಲಿಸುವ ಜಾಗದಲ್ಲಿ ಸಾಕೆಟ್ ಇರಲಿಲ್ಲ. ಮಹಡಿಯಿಂದ ವೈರ್ ಎಳೆದು ರಾತ್ರಿಯಿಡೀ ಹಾಕುತ್ತಿದ್ದೆ. ಹನ್ನೊಂದನೇ ದಿನ ಬೆಳಿಗ್ಗೆ ಪ್ಲಗ್ ಕಪ್ಪಾಗಿ ಸಾಕೆಟ್‌ಗೆ ಅಂಟಿಕೊಂಡಿತ್ತು. ಮನೆಯ ಸಾಮಾನ್ಯ ಸಾಕೆಟ್ ಏಳೆಂಟು ಗಂಟೆ ಒಂದೇ ಸಮ 10 ಆಂಪ್ ತಡೆಯೋದಿಲ್ಲ, ನೆನಪಿಡಿ. ಉಳಿದ ದಿನ ಚಾರ್ಜ್ ಇಲ್ಲದೆ ಓಡಿಸಿದೆ. ಖಾಲಿ ಬ್ಯಾಟರಿಯ ಭಾರ ಹೊತ್ತು ಅದು ಹೈಬ್ರಿಡ್‌ಗಿಂತ ಕಡಿಮೆ ಮೈಲೇಜ್ ಕೊಟ್ಟಿತು. "ನೋಡಿದ್ಯಾ?" ಅಂದರು ಎಲ್ಲರೂ.

ಇದು ನನ್ನೊಬ್ಬನ ಕತೆ ಅಲ್ಲ. 2024ರಲ್ಲಿ ಯುರೋಪಿಯನ್ ಕಮಿಷನ್ ರಸ್ತೆಯಲ್ಲಿ ಓಡುವ ಗಾಡಿಗಳ ಅಂಕಿ ಪ್ರಕಟಿಸಿತು. ಪ್ಲಗ್-ಇನ್ ಗಾಡಿಗಳು ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಲ್ಯಾಬ್ ಅಂಕಿಯ ಸರಾಸರಿ ಮೂರೂವರೆ ಪಟ್ಟು ಇತ್ತು. ಅಂದುಕೊಂಡಷ್ಟು ಸಲ ಜನ ಚಾರ್ಜ್‌ಗೆ ಹಾಕುವುದಿಲ್ಲ, ಅದೇ ಮುಖ್ಯ ಕಾರಣ. ಹಾಗಾಗಿ ಪ್ರಶ್ನೆ ಯಾವ ಗಾಡಿ ಒಳ್ಳೆಯದು ಅನ್ನೋದಲ್ಲ. ನಾನು ಸಾಕೆಟ್‌ನಿಂದ ಸಾಕೆಟ್‌ಗೆ ಎಷ್ಟು ಓಡುತ್ತೇನೆ ಅನ್ನೋದು.

ಹತ್ತು ವಾರ ಬರೆದೆ. ದಿನಕ್ಕೊಂದು ಸಾಲು. ಬೆಳಿಗ್ಗೆ ಹೊರಟಾಗಿನಿಂದ ರಾತ್ರಿ ಗಾಡಿ ನಿಲ್ಲಿಸುವ ತನಕದ ಕಿ.ಮೀ. ಮಾತ್ರ. ಒಟ್ಟು 2,900 ಆಸುಪಾಸು. ಸರಾಸರಿ ತೆಗೆದರೆ ದಿನಕ್ಕೆ 41 ಬರುತ್ತೆ. ಆದರೆ ಸರಾಸರಿ ಇಲ್ಲಿ ಸುಳ್ಳು ಹೇಳುತ್ತೆ. ಸುಮಾರು 50 ದಿನ ಮೂವತ್ತರ ಆಸುಪಾಸು, 8 ದಿನ ಗಾಡಿ ಕದಲಿಲ್ಲ, 12 ದಿನ ನೂರು ದಾಟಿದ ಓಡಾಟ. ನಾನು ನೋಡುತ್ತಿದ್ದ ಗಾಡಿಗೆ ಬ್ಯಾಟರಿಯಲ್ಲಿ 50 ಚಿಲ್ಲರೆ ಕಿ.ಮೀ. ಅಂತ ಕಂಪನಿ ಹೇಳಿತ್ತು. ನಾನು 45 ಅಂತ ಹಿಡಿದೆ. ಪ್ರತಿ ದಿನದ ಸಾಲಿನಲ್ಲಿ 45ರ ತನಕ ಕರೆಂಟ್, ಮೇಲಿನದ್ದು ಪೆಟ್ರೋಲ್. ಕೂಡಿದಾಗ ಕರೆಂಟಿನ ಪಾಲು 70% ಬಂತು. ನಾನೇ ಎರಡು ಸಲ ಕೂಡಿ ನೋಡಿದೆ.

ಇನ್ನು ಮೈಲೇಜ್. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಹಿಂದಿನ ತಲೆಮಾರಿನ ಟೊಯೋಟಾ ಆರ್‌ಎವಿ4 ಎಸ್‌ಯುವಿ ಪೆಟ್ರೋಲಿನಲ್ಲಿ ಲೀಟರಿಗೆ ಸುಮಾರು 12.5ರಿಂದ 13 ಕಿ.ಮೀ., ಹೈಬ್ರಿಡ್‌ನಲ್ಲಿ 17 ಕೊಟ್ಟಿತ್ತು. ನಾನು ಓಡಿಸಿ ನೋಡಿದ ಗಾಡಿಗಳೂ ಹೆಚ್ಚುಕಡಿಮೆ ಅಷ್ಟೇ. ಪ್ಲಗ್-ಇನ್ ಗೋಡೆಯ ಮೀಟರಿನಲ್ಲಿ 100 ಕಿ.ಮೀ.ಗೆ 22 ಯೂನಿಟ್ ತಿನ್ನುತ್ತೆ. ಚಾರ್ಜ್ ಮಾಡುವಾಗ ಪೋಲಾಗುವುದೂ ಇದರಲ್ಲೇ ಸೇರಿತು. ಅಂದರೆ ಹೈಬ್ರಿಡ್ ಒಂದು ಲೀಟರಿನಲ್ಲಿ ಹೋಗುವ ದೂರಕ್ಕೆ ನಾಲ್ಕು ಯೂನಿಟ್ ಸಾಕು. ನಾಲ್ಕು ಯೂನಿಟ್ ಬೆಲೆ ಒಂದು ಲೀಟರ್ ಬೆಲೆಗಿಂತ ಕಡಿಮೆ ಇದ್ದರೆ ಮಾತ್ರ ಮುಂದೆ ಯೋಚಿಸಬೇಕು. ನನಗೆ ಒಂದು ಲೀಟರ್ ದುಡ್ಡಿಗೆ ಎಂಟು ಯೂನಿಟ್ ಸಿಗುತ್ತಿತ್ತು. ಅಂದರೆ ಕರೆಂಟಿನಲ್ಲಿ ಅರ್ಧ ಖರ್ಚು. ವರ್ಷದ 15,000 ಕಿ.ಮೀ.ನಲ್ಲಿ 70% ಹಾಗೆ ಓಡಿದರೆ, ಹೈಬ್ರಿಡ್‌ಗಿಂತ ವರ್ಷಕ್ಕೆ ಕೈಗೆ ಉಳಿಯೋದು 310 ಲೀಟರ್.

ಆದರೆ ಹೊಸ ಪ್ಲಗ್-ಇನ್‌ಗೆ ಹೈಬ್ರಿಡ್ ಮೇಲೆ 2,500 ಲೀಟರಿನಷ್ಟು ಜಾಸ್ತಿ ಕೇಳಿದರು. ಎಂಟು ವರ್ಷ ಆಗುತ್ತೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆಮೇಲೆ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ. ಜನ ಬ್ಯಾಟರಿಗೆ ಹೆದರುತ್ತಾರೆ, ಬೆಲೆ ಬೇಗ ಬೀಳುತ್ತೆ. ಎರಡೂವರೆ ವರ್ಷ ಹಳೆಯ ಗಾಡಿಗಳಲ್ಲಿ ಆ ವ್ಯತ್ಯಾಸ ಆರುನೂರು ಚಿಲ್ಲರೆ ಲೀಟರಿಗೆ ಇಳಿದಿತ್ತು. ಬ್ಯಾಟರಿ ಗಟ್ಟಿ ಇದೆಯಾ ಅಂತ ಒಂದೇ ಟೆಸ್ಟ್ ಡ್ರೈವ್‌ನಲ್ಲಿ ತಿಳಿಯುವ ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ. ಮುಂದಿನ ಗಾಡಿಗೂ ನನಗೆ ಅದೇ ಬೇಕು. ಮಾರುವವರ ಹತ್ತಿರ ಪೂರ್ತಿ ಖಾಲಿ ಬ್ಯಾಟರಿಯ ಗಾಡಿ ಕೇಳಿ ಅಂತ ಮಾತ್ರ ಹೇಳುತ್ತೇನೆ. ಸಾಕೆಟ್‌ಗೆ ಬೇರೆಯೇ ಲೈನು, ಅರ್ಥಿಂಗ್ ಎಳೆಸಿದ್ದಕ್ಕೆ 60 ಲೀಟರ್ ಹೋಯಿತು. ಅದನ್ನೂ ಸೇರಿಸಿ ಒಟ್ಟು 700.

ಒಂದು ವಿಷಯದಲ್ಲಿ ಹೆಂಡತಿ ಹೇಳಿದ್ದೇ ಸರಿ. ಗಾಡಿ ನೋಡಲು ಹೋಗುವಾಗ ಎರಡು ಮಕ್ಕಳ ಸೀಟು, ಮಡಿಸುವ ತಳ್ಳುಗಾಡಿ, ದೊಡ್ಡ ಸೂಟ್‌ಕೇಸ್ ಎಲ್ಲ ಹೊತ್ತುಕೊಂಡೇ ಹೋಗೋಣ ಅಂದಳು. ಒಂದು ಮಾದರಿಯಲ್ಲಿ ಡಿಕ್ಕಿಯ ನೆಲ ಎತ್ತರವಾಗಿ ತಳ್ಳುಗಾಡಿ ಕೂರಲೇ ಇಲ್ಲ. ಸ್ಟೆಪ್ನಿ ಇರಬೇಕಾದ ಕಡೆ ಪಂಕ್ಚರ್ ಕಿಟ್ ಇತ್ತು. ಪೆಟ್ರೋಲ್ ಟ್ಯಾಂಕ್ ಕೂಡ ಚಿಕ್ಕದು. ಪುಸ್ತಿಕೆ ಓದಿದರೆ ಇದು ಕಣ್ಣಿಗೇ ಬೀಳೋದಿಲ್ಲ.

ಗಾಡಿ ಬಂದ ಮೇಲೆ ಸುಮಾರು ಪ್ರಯೋಗ ಮಾಡಿದೆ. ಎಂಜಿನ್‌ನಿಂದಲೇ ಬ್ಯಾಟರಿ ತುಂಬಿಸುವ ಮೋಡ್ ಇದೆಯಲ್ವಾ, ಅದನ್ನು ಹೆದ್ದಾರಿಯಲ್ಲಿ ಹಾಕಿ ನೋಡಿದೆ. 55 ಕಿ.ಮೀ.ಗೆ ಎರಡೂವರೆ ಲೀಟರ್ ಜಾಸ್ತಿ ಕುಡಿಯಿತು. ಆ ಚಾರ್ಜ್‌ನಲ್ಲಿ ಆಮೇಲೆ ಓಡಿದ್ದು 32 ಕಿ.ಮೀ. ಅಷ್ಟು ಪೆಟ್ರೋಲಿಗೆ ಸುಮ್ನೆ ಹೈಬ್ರಿಡ್ ಆಗಿ ಓಡಿಸಿದ್ದರೆ 40 ಹೋಗುತ್ತಿತ್ತು. ಮತ್ತೆ ಆ ಬಟನ್ ಮುಟ್ಟಿಲ್ಲ. ಚಳಿಯಲ್ಲಿ ಹೀಟರ್ ಹಾಕಿದರೆ 45 ಇದ್ದದ್ದು 35ಕ್ಕೆ ಬಂತು. ಪ್ಲಗ್‌ನಲ್ಲಿ ಇರುವಾಗಲೇ ಒಳಗೆ ಬಿಸಿ ಮಾಡಿಕೊಂಡು, ಆಮೇಲೆ ಸೀಟ್ ಹೀಟರ್ ಮಾತ್ರ ಹಾಕಿದರೆ 41. ಬೇಸಿಗೆಯ ಏಸಿ ಅಷ್ಟೊಂದು ತಿನ್ನೋದಿಲ್ಲ.

ಪೆಟ್ಟು ಬಿದ್ದದ್ದೂ ಇದೆ. ಮೂರು ವಾರ ಊರಲ್ಲಿರಲಿಲ್ಲ. ಬಂದು ನೋಡಿದರೆ ಗಾಡಿ ಏಳಲಿಲ್ಲ. ದೊಡ್ಡ ಬ್ಯಾಟರಿ ತುಂಬಿತ್ತು, ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತಿತ್ತು. ಅದಿಲ್ಲದೆ ದೊಡ್ಡದನ್ನು ಎಬ್ಬಿಸೋಕೆ ಆಗೋದೇ ಇಲ್ಲ. ಇನ್ನೊಂದು, ಟೈರು. ಭಾರದ ಗಾಡಿ, 38,000ಕ್ಕೇ ಸವೆದವು. ಹಳೆಯದರಲ್ಲಿ 50,000 ಬಂದಿತ್ತು. ಈ 80 ಲೀಟರನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. 27 ತಿಂಗಳಿಗೆ ಮುಗಿಯಬೇಕಿದ್ದದ್ದು 30ಕ್ಕೆ ಹೋಗಿದ್ದು ಅದರಿಂದಲೇ. ಎಂಜಿನ್ ಕಡಿಮೆ ಓಡಿದರೂ ಆಯಿಲ್ ಬದಲಿಸುವುದು ತಪ್ಪಲಿಲ್ಲ, ಅದು ತಿಂಗಳ ಲೆಕ್ಕ.

ಈಗ ಮನೆಯವರೆಲ್ಲ ನೋಟ್‌ಬುಕ್ ಕೇಳುತ್ತಿದ್ದಾರೆ. ಅಕ್ಕನಿಗೆ ಹತ್ತು ವಾರ ಬರೆಸಿದೆ. ಅವಳದ್ದು ವರ್ಷಕ್ಕೆ 20,000, ಎಲ್ಲ ಪೇಟೆಯೊಳಗೆ, ಗಾಡಿ ನಿಲ್ಲೋದು ರಸ್ತೆ ಬದಿಯಲ್ಲಿ. ಸಾಕೆಟ್ ಇಲ್ಲ ಅಂದಮೇಲೆ ಪ್ಲಗ್-ಇನ್ ಮಾತೇ ಇಲ್ಲ. ವರ್ಷಕ್ಕೆ 420 ಲೀಟರ್ ಉಳಿಯುತ್ತೆ ಅಂತ ಹೈಬ್ರಿಡ್ ಕೊಡಿಸಿದೆ. ಮಾವ ನನ್ನ ಗಾಡಿಯನ್ನೇ ನೋಡಿ ಆಸೆ ಪಟ್ಟರು. ಅವರು ಓಡಿಸೋದು ವರ್ಷಕ್ಕೆ 5,000. ಹೈಬ್ರಿಡ್‌ನ ದುಡ್ಡು ಬರಲಿಕ್ಕೇ ಹದಿಮೂರು ವರ್ಷ. "ಮಾವ, ನಿಮಗೆ ಪೆಟ್ರೋಲ್ ಗಾಡಿನೇ ಸಾಕು" ಅಂದೆ. ಸ್ವಲ್ಪ ಬೇಜಾರಾದರು. ಈಗ ಪೆಟ್ರೋಲ್ ಗಾಡಿನೇ ಬುಕ್ ಮಾಡಿದ್ದಾರೆ.