ವೇಲಾ ಪಲ್ಸಾರಿನ ಗ್ಲಿಚ್‌ಗಳಿಂದ ಅತಿದ್ರವದ ಪಾಲನ್ನು ಲೆಕ್ಕ ಹಾಕಿದ ಬಗೆ

ಸ್ಫೋಟಿಸಿದ ದೊಡ್ಡ ನಕ್ಷತ್ರದ ಅತಿಸಾಂದ್ರ ಅವಶೇಷವೇ ನ್ಯೂಟ್ರಾನ್ ನಕ್ಷತ್ರ. ಅದರೊಳಗೆ ಘರ್ಷಣೆಯಿಲ್ಲದೆ ಹರಿಯುವ ನ್ಯೂಟ್ರಾನ್ ದ್ರವವೇ ಅತಿದ್ರವ. ಅದರ ಪಾಲಿನ ಲೆಕ್ಕಕ್ಕೆ ನಾನು ಆರಿಸಿಕೊಂಡದ್ದು ವೇಲಾ ಪಲ್ಸಾರ್, ತಿರುಗುತ್ತ ರೇಡಿಯೊ ಮಿಡಿತ ಕಳಿಸುವ ಇಂಥದೇ ಒಂದು ನಕ್ಷತ್ರ. ಸೆಕೆಂಡಿಗೆ ಸುಮಾರು 11.2 ಸುತ್ತು ತಿರುಗುವ ಈ ನಕ್ಷತ್ರ ದಿನೇ ದಿನೇ ನಿಧಾನವಾಗುತ್ತದೆ. ಸರಾಸರಿ ಮೂರು ವರ್ಷಕ್ಕೊಮ್ಮೆ ಥಟ್ಟನೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಈ ಜಿಗಿತವೇ ಗ್ಲಿಚ್. 1969ರಲ್ಲಿ ಅದನ್ನು ಮೊದಲು ಕಂಡವರಲ್ಲಿ ಒಬ್ಬರು, ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿದ್ದ ವಿ. ರಾಧಾಕೃಷ್ಣನ್, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಅತಿದ್ರವ ತಿರುಗುವುದು ಸುಳಿಗಳ ಮೂಲಕ ಮಾತ್ರ. ಪ್ರತಿ ಸುಳಿಯ ಪರಿಚಲನೆ, ಅಂದರೆ ಸುತ್ತುವ ಹರಿವಿನ ಅಳತೆ, h/2m (h ಪ್ಲಾಂಕ್ ಸ್ಥಿರಾಂಕ, m ನ್ಯೂಟ್ರಾನಿನ ದ್ರವ್ಯರಾಶಿ). ನ್ಯೂಟ್ರಾನ್‌ಗಳು ಜೋಡಿಯಾಗಿರುವುದರಿಂದ ಆ 2 ಬಂದದ್ದು. ಅದನ್ನು ಬಿಟ್ಟರೆ ಸುಳಿಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಸರಿಯಾಗಿ ಹಾಕಿದರೆ ವೇಲಾದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 70,000 ಸುಳಿ. ನಕ್ಷತ್ರದ ಗಟ್ಟಿ ಹೊರಪದರವಾದ ತೊಗಟೆಯ ಪರಮಾಣು ಬೀಜಗಳಿಗೆ ಇವು ಸಿಕ್ಕಿಕೊಂಡಿರುವಷ್ಟು ಕಾಲ ಅತಿದ್ರವ ನಿಧಾನವಾಗಲಾರದು. ಒಮ್ಮೆಗೇ ಕಳಚಿದಾಗ ಕೂಡಿಟ್ಟ ಕೋನೀಯ ಸಂವೇಗ ತೊಗಟೆಗೆ ಸೇರುತ್ತದೆ.

ಲೆಕ್ಕ ಚಿಕ್ಕದು. ದೊಡ್ಡ ಗ್ಲಿಚ್‌ನಲ್ಲಿ ಆವರ್ತನ ಏರುವುದು ಹತ್ತು ಲಕ್ಷಕ್ಕೆ 2 ಪಾಲು, ಅಂದರೆ 2.2×10⁻⁵ ಹರ್ಟ್ಸ್. ನಡುವಿನ ಅಂತರ ಸುಮಾರು 1000 ದಿನ, 8.64×10⁷ ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 2.6×10⁻¹³ ಹರ್ಟ್ಸ್. ನಿಧಾನವಾಗುವ ದರ 1.56×10⁻¹¹. ಇವೆರಡರ ಅನುಪಾತ ಸುಮಾರು 1.7%. ನಕ್ಷತ್ರದ ಒಟ್ಟು ಮೊಮೆಂಟ್ ಆಫ್ ಇನರ್ಷಿಯಾದಲ್ಲಿ (ತಿರುಗುವಿಕೆಯ ಬದಲಾವಣೆಗೆ ಒಡ್ಡುವ ಜಡತ್ವದಲ್ಲಿ) ಕನಿಷ್ಠ ಇಷ್ಟು ಪಾಲು ಸಿಕ್ಕಿಕೊಂಡ ಅತಿದ್ರವದ್ದಾಗಿರಬೇಕು.

ತಪ್ಪು ನುಸುಳುವುದು ದತ್ತಾಂಶದಲ್ಲಿ. ಒಂದೇ ಗ್ಲಿಚ್ ಹಿಡಿದು ಭಾಗಿಸಬಾರದು. ದಶಕಗಳ ಜಿಗಿತಗಳನ್ನು ಒಂದರ ಮೇಲೊಂದು ಕೂಡಿ, ಆ ಮೆಟ್ಟಿಲಿನ ಓರೆಯನ್ನೇ ನಾನು ಬಳಸುತ್ತೇನೆ. ಗ್ಲಿಚ್ ಆದ ಕೂಡಲೇ ನಿಧಾನಗತಿಯ ದರವೂ ತಾತ್ಕಾಲಿಕವಾಗಿ ಹೆಚ್ಚಿರುತ್ತದೆ, ಹಾಗಾಗಿ ಅಲ್ಲಿ ಅಳೆದ ಬೆಲೆ ಬೇಡ, ದೀರ್ಘಾವಧಿಯ ಸರಾಸರಿ ಬೇಕು. ಮೊದಲ ದಿನಗಳಲ್ಲಿ ಜಿಗಿತದ ಒಂದು ಭಾಗ ಇಳಿದುಹೋಗುತ್ತದೆ. ಈ ಚೇತರಿಕೆಗೆ ಎಕ್ಸ್‌ಪೊನೆನ್ಷಿಯಲ್ ಪದ ಸೇರಿಸದಿದ್ದರೆ ಜಿಗಿತ ಚಿಕ್ಕದಾಗಿ ಕಾಣುತ್ತದೆ.

ನಿಜವಾದ ಬಿಕ್ಕಟ್ಟು ಇದರ ನಂತರದ್ದು. ತೊಗಟೆಯ ಬೀಜಗಳ ಜಾಲರಿ ನ್ಯೂಟ್ರಾನ್‌ಗಳನ್ನು ತನ್ನ ಜೊತೆ ಎಳೆದುಕೊಳ್ಳುವುದರಿಂದ ಅವುಗಳ ಪರಿಣಾಮಕ ದ್ರವ್ಯರಾಶಿ (ಚಲನೆಯಲ್ಲಿ ತೋರುವ ದ್ರವ್ಯರಾಶಿ) ಹೆಚ್ಚುತ್ತದೆ, ಅಷ್ಟರಮಟ್ಟಿಗೆ ಸ್ವತಂತ್ರವಾಗಿ ತಿರುಗುವ ಅತಿದ್ರವ ತಗ್ಗುತ್ತದೆ. ಭೌತವಿಜ್ಞಾನಿ ಷಾಮೆಲ್ ಅವರ ಲೆಕ್ಕದಿಂದ ಬಳಕೆಗೆ ಬಂದ ಸುಮಾರು 4.3ರ ಗುಣಕ ಹಾಕಿದರೆ 1.7% ಹೋಗಿ 7% ಆಗುತ್ತದೆ. 1.4 ಸೌರರಾಶಿಯ ನಕ್ಷತ್ರದ ತೊಗಟೆಯಲ್ಲಿ ಹೆಚ್ಚಿನ ಸ್ಥಿತಿ ಸಮೀಕರಣಗಳು (ಒತ್ತಡ ಮತ್ತು ಸಾಂದ್ರತೆಯ ಸಂಬಂಧ ಹೇಳುವ ಸೂತ್ರಗಳು) ಅಷ್ಟು ಕೊಡುವುದಿಲ್ಲ. ಜೋಡಿ ಬಂಧವನ್ನೂ ಒಟ್ಟಿಗೆ ಪರಿಗಣಿಸಿದರೆ ಈ ಎಳೆತ ಬಹಳ ತಗ್ಗುತ್ತದೆಂದು ಭೌತವಿಜ್ಞಾನಿಗಳಾದ ವಾಟನಾಬೆ ಮತ್ತು ಪೆಥಿಕ್ 2017ರಲ್ಲಿ ವಾದಿಸಿದರು. ನನಗೆ ಆ ವಾದ ಬಲವಾಗಿ ಕಾಣುತ್ತದೆ, ಆದರೂ 4.3ರ ಗುಣಕದ ಮತ್ತು ತಗ್ಗಿದ ಗುಣಕದ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲೇ ಬರೆದಿಡುತ್ತೇನೆ.

ತೊಗಟೆಯ ಈ ಕೊರತೆಯನ್ನು ಗರ್ಭದ, ಅಂದರೆ ನಕ್ಷತ್ರದ ಒಳಭಾಗದ, ಅತಿದ್ರವದಿಂದ ತುಂಬುವ ಮೊದಲು ಅಲ್ಲಿನ ಅತಿವಾಹಕ (ಪ್ರತಿರೋಧವಿಲ್ಲದೆ ವಿದ್ಯುತ್ ಹರಿಸುವ) ಪ್ರೋಟಾನ್‌ಗಳನ್ನು ನೋಡಬೇಕು. 10¹² ಗಾಸ್ ಕ್ಷೇತ್ರವಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 5×10¹⁸ ಕಾಂತಕೊಳವೆಗಳು, ಅಂದರೆ ಕಾಂತಕ್ಷೇತ್ರ ಅತಿವಾಹಕದೊಳಗೆ ಹಾದುಹೋಗುವ ತೆಳು ಎಳೆಗಳು. ನ್ಯೂಟ್ರಾನ್ ಸುಳಿಗಳು ಇವುಗಳಿಗೂ ಸಿಕ್ಕಿಕೊಳ್ಳಬಲ್ಲವು. ಹಾಗೆ ಸಿಕ್ಕಿಕೊಳ್ಳದ ಗರ್ಭದ ಭಾಗವನ್ನು ತೊಗಟೆಯ ಜೊತೆಗೇ ತಿರುಗುವ ಪಾಲಿಗೆ ಸೇರಿಸಬೇಕು, ಕೂಡಿಟ್ಟ ಪಾಲಿಗೆ ಅಲ್ಲ.