ಏಳನೇ ತರಗತಿಗೆ ಸಾಲ ಕೊಟ್ಟೆ, ಬಡ್ಡಿ ಸಮೇತ ವಾಪಸ್ ಬಂತು

ಶಾಲೆಯಲ್ಲಿ ಮಕ್ಕಳ ಸಂತೆಯನ್ನು ಶಿಕ್ಷಕರಾದ ನೀವೆಲ್ಲ ಮಾಡಿಸಿದ್ದೀರಿ. ಅವ್ವ ಕಟ್ಟಿಕೊಟ್ಟ ಉಂಡಿ, ಅಪ್ಪ ಹೊಲದಿಂದ ತಂದ ಕೊತ್ತಂಬರಿ, ಒಂದು ತಾಸಿನಲ್ಲಿ ಎಲ್ಲ ಖಾಲಿ. ಬಂದ ದುಡ್ಡೆಲ್ಲ ಲಾಭ ಅಂತ ಮಗು ಕುಣಿಯುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ. ಲೆಕ್ಕ ಯಾರೂ ಕೇಳುವುದಿಲ್ಲ.

ನಾನು ಸೇಡಂ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 2024ರ ಮಳೆಗಾಲದಲ್ಲಿ ಏಳನೇ ತರಗತಿಗೆ ಸಾಲ ಕೊಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. "ಆ ರೊಕ್ಕ ಮರೆತುಬಿಡ್ರಿ ಮಾಸ್ತರ" ಅಂದರು. ಎರಡು ಸಾವಿರ ನನ್ನ ಜೇಬಿನದು. ನಾಲ್ಕೈದು ಮಕ್ಕಳ ಗುಂಪಿಗೆ 200 ರೂಪಾಯಿ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಶನಿವಾರ ಶಾಲೆ ಬಿಟ್ಟ ಮೇಲೆ ಅಂಗಡಿ. ಮನೆಯಿಂದ ಏನು ತಂದರೂ ಅದಕ್ಕೆ ಬೆಲೆ ಬರೆಯಬೇಕು, ಹಿಡಿ ಉಪ್ಪಾದರೂ ಸರಿ.

ಮೊದಲು ಬರೀ ಲುಕ್ಸಾನ್. ಮಳೆಯಲ್ಲಿ ಚುರುಮುರಿ ಮೆತ್ತಗಾಯಿತು. ಶರಬತ್ತು ಯಾರೂ ಮುಟ್ಟಲಿಲ್ಲ. ಪೆನ್ನು ತರಲು ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆಗೆ ಇಬ್ಬರು ಹುಡುಗರು ದೊಡ್ಡವರ ಜೊತೆ ಹೋದರು. ಪೆನ್ನಿನಲ್ಲಿ ಉಳಿಯಬೇಕಾದದ್ದನ್ನೆಲ್ಲ ಬಸ್ ಚಾರ್ಜು ತಿಂದಿತು. ಮುಂದಿನ ಸಲ ಹುಡುಗಿಯರೇ ಅವ್ವನ ಜೊತೆ ಹೋಗಿ ಬಂದರು. ಶಕ್ತಿ ಯೋಜನೆ ಇದೆಯಲ್ಲ, ಚಾರ್ಜು ಸೊನ್ನೆ. ಇದು ನನಗೆ ಹೊಳೆದದ್ದಲ್ಲ, ಅವರೇ ಹೇಳಿದ್ದು.

ನಿಜವಾದ ಪಾಠ ಆಗಿದ್ದು ಖಡಕ್ ರೊಟ್ಟಿಯಲ್ಲಿ. ಒಂದು ಗುಂಪು 6 ರೂಪಾಯಿಗೆ ಒಂದರಂತೆ ಐವತ್ತು ರೊಟ್ಟಿ ಮಾರಿತು. ಕಲಬುರಗಿಯಿಂದ ಬಸ್ಸಿನಲ್ಲಿ ಬರುವ ನಮ್ಮ ಶಿಕ್ಷಕರೇ ದೊಡ್ಡ ಗಿರಾಕಿಗಳು. 300 ಬಂತು, ಖುಷಿಯೋ ಖುಷಿ. ಬರೆಯಿರಿ ಅಂದೆ. ಜೋಳ ಸುಮಾರು 120, ಗಿರಣಿಗೆ 15, ಎಳ್ಳು ಮತ್ತು ಕಟ್ಟಿಗೆ 30. ಅವ್ವನ ಕೂಲಿ? ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ 349 ಇತ್ತು. ಅರ್ಧ ದಿನಕ್ಕೆ 175 ಹಿಡಿದೆವು. ಒಟ್ಟು 340. ನಲವತ್ತು ರೂಪಾಯಿ ಲುಕ್ಸಾನ್! "ಹಂಗಾದ್ರ ನಾವೇ ಅವ್ವಗ ಕೊಡಬೇಕಲ್ರಿ ಸರ್" ಅಂದಳು ಒಬ್ಬಳು. ಮುಂದಿನ ವಾರ ರೊಟ್ಟಿಗೆ 8 ರೂಪಾಯಿ ಆಯಿತು, ಜೊತೆಗೆ ಒಂದು ಚಮಚ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಗಿರಾಕಿ ಕಡಿಮೆ ಆಗಲಿಲ್ಲ.

ಉದ್ರಿ ಮಾತ್ರ ನಮ್ಮನ್ನು ಮುಳುಗಿಸುವುದರಲ್ಲಿತ್ತು. 200ರ ಬಂಡವಾಳದಲ್ಲಿ 140 ಉದ್ರಿಯಲ್ಲೇ ಸಿಕ್ಕಿಬಿದ್ದ ಗುಂಪೂ ಇತ್ತು. ವಹಿಯಲ್ಲಿ ಲಾಭ ಕಾಣುತ್ತದೆ, ಸಾಮಾನು ತರಲು ಕೈಯಲ್ಲಿ ರೊಕ್ಕ ಇಲ್ಲ. ಬಾಕಿದಾರರ ಪಟ್ಟಿಯಲ್ಲಿ ನನಗೆ ನಕ್ಕವರ ಹೆಸರೂ ಇತ್ತು. ಒಂದು ಮಗುವಿಗೂ ಅವಮಾನ ಆಗದ ಹಾಗೆ ಮೂರು ವಾರದಲ್ಲಿ ಹೆಚ್ಚುಕಡಿಮೆ ಎಲ್ಲ ವಸೂಲಿ ಮಾಡಿದೆವು. ಹೇಗೆ ಅಂತ ಕೇಳಬೇಡಿ, ಆ ಯುಕ್ತಿ ನನ್ನಲ್ಲೇ ಇರಲಿ.

ಬಡ್ಡಿ ಹೇಳಿಕೊಡುವಾಗ ಊರಿನ ಸಾವುಕಾರರ ನೂರಕ್ಕೆ ಮೂರನ್ನೇ ತೆಗೆದುಕೊಂಡೆ. ತಿಂಗಳಿಗೆ ಮೂರು, ವರ್ಷಕ್ಕೆ 36. ಅಂಚೆ ಕಚೇರಿಯ ಉಳಿತಾಯ ಖಾತೆಗೆ ಸಿಗುವುದು ವರ್ಷಕ್ಕೆ 4. ಹುಡುಗರು ಮನೆಗೆ ಹೋಗಿ ಕೇಳಿದ್ದಾರೆ. ಮರುದಿನವೇ ಒಬ್ಬ ತಂದೆ ಬಂದರು. "ನಮ್ಮ ಮನಿ ಸಾಲದ ಲೆಕ್ಕ ಸಾಲ್ಯಾಗ ಯಾಕ್ರಿ?" ಅವರು ಹೇಳಿದ್ದೂ ಸರಿಯೇ. ಆಮೇಲೆ ಸುಳ್ಳು ಹೆಸರು, ಸುಳ್ಳು ಮೊತ್ತ ಇಟ್ಟುಕೊಂಡೆ: 30,000 ಸಾಲ, ವಾರಕ್ಕೆ 655ರ ಕಂತು, 52 ವಾರ. ಕಟ್ಟುವುದು 34,060. ನೂರಕ್ಕೆ ಹದಿಮೂರುವರೆ ಅಷ್ಟೇ ಅಂದರು ಹುಡುಗರು. ಆದರೆ ಅಸಲು ವಾರವಾರ ಕರಗುತ್ತದೆ, ವರ್ಷಪೂರ್ತಿ ಕೈಯಲ್ಲಿ ಇರುವುದು ಸರಾಸರಿ ಅರ್ಧ ದುಡ್ಡು. ಹಾಗಾಗಿ ಬಡ್ಡಿ ಹತ್ತಿರ ಹತ್ತಿರ ಎರಡರಷ್ಟು. ಇದು ತಲೆಗೆ ಇಳಿಯಲು ಎರಡು ಪಿರಿಯಡ್ ಬೇಕಾಯಿತು. ಜಗಳಕ್ಕೆ ಬಂದಿದ್ದ ಅದೇ ತಂದೆ ಆಮೇಲೆ ಮಗಳ ಮುಂದೆ ತಮ್ಮ ಕಂತಿನ ಕಾರ್ಡು ಹಿಡಿದರಂತೆ.

ನಡುವೆ ಇನ್ನೊಂದು ಪ್ರಯೋಗ. ಪ್ರತಿ ಗುಂಪಿಗೂ ಕಾಗದದ ಮೇಲೆ ಒಂದು ಕ್ವಿಂಟಲ್ ತೊಗರಿ ಕೊಟ್ಟೆ. ವಾರವಾರ ಕಲಬುರಗಿ ಗಂಜಿನ (ಕೃಷಿ ಮಾರುಕಟ್ಟೆಯ) ರೇಟು ನೋಡಿ ಯಾವಾಗ ಮಾರುತ್ತೀರಿ ಹೇಳಿ ಅಂದೆ. ಹಿಂದಿನ ವರ್ಷದ ಹತ್ತು ಸಾವಿರದ ರೇಟು ಎಲ್ಲರ ತಲೆಯಲ್ಲಿ ಕೂತಿತ್ತು. ಮಾರದೆ ಹಿಡಿದು ಕೂತರು. ಆ ವರ್ಷ ಸರ್ಕಾರದ ಬೆಂಬಲ ಬೆಲೆ 7,550 ಇತ್ತು, ಗಂಜಿನ ರೇಟು ಅದಕ್ಕಿಂತ ಕೆಳಗೆ ಇಳಿಯಿತು. ಮೊದಲೇ ಮಾರಿದ್ದು ಒಂದೇ ಗುಂಪು. ಕಾರಣ ಕೇಳಿದರೆ, "ಇಡಾಕ ಜಾಗ ಇಲ್ರಿ" ಅಂದರು! ಕಾಗದದ ತೊಗರಿಗೆ ಎಂಥ ಜಾಗ? ಆದರೆ ಅವರ ಮನೆಗಳಲ್ಲಿ ನಡೆಯುವುದು ಹಾಗೆಯೇ, ಅಲ್ವಾ?

ಮಾರ್ಚ್ ಹೊತ್ತಿಗೆ ನನ್ನ ಎರಡು ಸಾವಿರ ಬಡ್ಡಿ ಸಮೇತ ಬಂತು. ಬಡ್ಡಿಯನ್ನು ಶಾಲೆಯ ಡಬ್ಬಿಗೇ ಹಾಕಿದೆ. ಗುಂಪುಗಳ ಲಾಭ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು. ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನದೇ ಹೆಸರಲ್ಲಿ ಖಾತೆ ತೆಗೆದು ತಾನೇ ನಡೆಸಬಹುದು, 500 ರೂಪಾಯಿ ಇದ್ದರೆ ಸಾಕು. ಏಳೆಂಟು ಮಕ್ಕಳು ತೆಗೆದರು, ಕಡಿಮೆ ಬಿದ್ದದ್ದನ್ನು ಮನೆಯವರು ಸೇರಿಸಿದರು. ಈಗ ಆರನೇ ತರಗತಿಯವರೂ ಸಾಲ ಕೇಳುತ್ತಿದ್ದಾರೆ. ಅವರಿಗೆ 200 ಇಲ್ಲ, 100 ಕೊಡುತ್ತೇನೆ. ಶರಬತ್ತಿನವರಿಗೆ ಮಾತ್ರ ಫೆಬ್ರವರಿ ತನಕ ಸಾಲ ಇಲ್ಲ.