ಒಪಿನೆಲ್ ನಂ. 8: ಕಾರ್ಬನ್ ಕೊಳ್ಳಬೇಕೋ, ಸ್ಟೇನ್‌ಲೆಸ್ಸೋ?

ಫ್ರಾನ್ಸಿನ ಸವೋಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮಡಚುವ ಚಾಕುವಿನ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮರದ ಹಿಡಿ, ಒಂದೇ ಅಲಗು. ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರ ಸೇರಿದ್ದು 1955ರಲ್ಲಿ. 8.5 ಸೆಂ.ಮೀ. ಅಲಗಿನ ನಂ. 8 ಕಾರ್ಬನ್ ಸ್ಟೀಲಿನಲ್ಲೂ ಸಿಗುತ್ತದೆ, ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸಿಗುತ್ತದೆ. ನೋಡಲು ಎರಡೂ ಒಂದೇ. ಆರಿಸುವಾಗ ಹೀಗೆ ಮಾಡಿ.

ಮೊದಲು ಅಲಗಿನ ಮುದ್ರೆ ಓದಿ. ಕಿರೀಟ ಹೊತ್ತ ಕೈಯ ಗುರುತು ಎರಡರಲ್ಲೂ ಇರುತ್ತದೆ. ‘ಕಾರ್ಬೋನ್’ ಎಂದಿದ್ದರೆ ಕಾರ್ಬನ್, ‘ಇನಾಕ್ಸ್’ ಎಂದಿದ್ದರೆ ಸ್ಟೇನ್‌ಲೆಸ್.

ಎರಡನೆಯದು, ನಿಂಬೆಹಣ್ಣಿನ ಪರೀಕ್ಷೆ. ಎರಡರಿಂದಲೂ ಒಂದೊಂದು ಹೋಳು ಕತ್ತರಿಸಿ, ಒರೆಸದೆ ಸ್ವಲ್ಪ ಹೊತ್ತು ಬಿಡಿ. ಇನಾಕ್ಸ್ ಹೊಳೆಯುತ್ತಲೇ ಇರುತ್ತದೆ, ಅದರಲ್ಲಿರುವ ಕ್ರೋಮಿಯಂ ಕಾಪಾಡುತ್ತದೆ. ಕಾರ್ಬನ್ ಅಲಗಿನ ಮೇಲೆ ಬೂದುಬಣ್ಣದ ಕಲೆ ಮೂಡುತ್ತದೆ. ಬಾಳೆಕಾಯಿ ಹೆಚ್ಚಿದ ಮೇಲೆ ಕಬ್ಬಿಣದ ಇಳಿಗೆಮಣೆ ಕಪ್ಪಾಗುತ್ತದಲ್ಲ, ಅದೇ ಇದು. ಇದನ್ನು ಉಜ್ಜಿ ತೆಗೆಯಬೇಡಿ. ಈ ಪದರ ಬಲಿತಷ್ಟೂ ತುಕ್ಕು ನಿಧಾನವಾಗುತ್ತದೆ. ಕೆಂಪು-ಕಂದು ಬಣ್ಣ ಕಂಡರೆ ಮಾತ್ರ ತುಕ್ಕು, ಆಗ ತಕ್ಷಣ ತಿಕ್ಕಿ.

ಮೂರನೆಯದು ಮಸೆಯುವುದು. ನಿಜವಾದ ವ್ಯತ್ಯಾಸ ತಿಳಿಯುವುದು ಇಲ್ಲೇ. ಸಾಣೆಕಲ್ಲನ್ನು ನೆನೆಸಿ, ಅಲಗನ್ನು ಸುಮಾರು 20 ಡಿಗ್ರಿ ಓರೆಯಲ್ಲಿಟ್ಟು, ಹಿಡಿಯ ಕಡೆಯಿಂದ ತುದಿಯವರೆಗೆ ಒಂದೇ ಸಮನೆ ಎಳೆಯಿರಿ. ಕೊಂಚ ಹೊತ್ತಿನಲ್ಲಿ ಎದುರು ಮಗ್ಗುಲಲ್ಲಿ ನವಿರಾದ ಒರಟು ಅಂಚು ಏಳುತ್ತದೆ. ಬೆರಳನ್ನು ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಸರಿಸಿದರೆ ತಿಳಿಯುತ್ತದೆ. ಬಾಯಿಯುದ್ದಕ್ಕೂ ಬೆರಳು ಎಳೆಯಬೇಡಿ. ಮಗ್ಗುಲು ಬದಲಿಸಿ ಮಸೆದು, ಹಳೆಯ ಚರ್ಮದ ಬೆಲ್ಟಿನ ಮೇಲೆ ಉಜ್ಜಿದರೆ ಆ ಅಂಚು ಹೋಗುತ್ತದೆ. ಕಾರ್ಬನ್‌ನಲ್ಲಿ ಅದು ಬೇಗ ಏಳುತ್ತದೆ, ಬೇಗ ಬಿಡುತ್ತದೆ. ಇನಾಕ್ಸ್‌ಗೆ ಇನ್ನಷ್ಟು ಹೊತ್ತು ಬೇಕು, ಅಂಚೂ ಹಟ ಮಾಡುತ್ತದೆ. ಮಾಗಿದ ಟೊಮೆಟೊ ಒತ್ತದೆಯೇ ಸೀಳಿದರೆ ಕೆಲಸ ಮುಗಿದಂತೆ.

ಹಿಡಿಯ ವಿಷಯದಲ್ಲಿ ಭೇದವಿಲ್ಲ. ಸಾಮಾನ್ಯ ಮಾದರಿಗಳದು ಬೀಚ್ ಮರ. ನೀರು ಕುಡಿದರೆ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ಆಗ ಉಂಗುರವನ್ನು ಬಿಡಿಸಿ, ಹಿಡಿಯ ಹಿಂತುದಿಯನ್ನು ಮರದ ಮೇಜಿಗೆ ಹಗುರವಾಗಿ ಕುಟ್ಟಿ. ಅಲಗು ತುಸು ಹೊರಬರುತ್ತದೆ, ಸವೋಯ್‌ನವರು ತೆರೆಯುವ ರೀತಿಯೇ ಇದು. ಯಾವ ಚಾಕುವನ್ನೂ ನೀರಿನಲ್ಲಿ ನೆನೆಹಾಕಬೇಡಿ.

ಕರಾವಳಿ, ಮಲೆನಾಡಿನವರಿಗೆ, ಬುತ್ತಿಯ ಜೊತೆ ಚೀಲದಲ್ಲಿಟ್ಟು ಮರೆಯುವವರಿಗೆ ಇನಾಕ್ಸ್ ಎಂದೇ ಹೇಳುತ್ತೇನೆ. ದಿನಾ ಚಾಕು ಹಿಡಿಯುವವರು, ಮಸೆಯುವುದನ್ನು ಇಷ್ಟಪಡುವವರು ಕಾರ್ಬನ್ ಕೊಳ್ಳಲಿ. ನನಗೂ ಅದೇ ಹೆಚ್ಚು ಮೆಚ್ಚು. ಕೊಂಡ ಮೇಲೆ ಪ್ರತಿ ಸಲವೂ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಕೀಲಿನ ಸಂದು ಪೂರ್ತಿ ಆರಿದ ಮೇಲೆ ಅಲಗಿಗೆ ಒಂದು ಹನಿ ಅಡುಗೆ ಎಣ್ಣೆ ಸವರಿ ಮಡಚಿ.